ಐದನೇ ಸಾಲು

ಗೋಧಿ ಬೆಳೆಯುವ ಕಡೆ ಎಲ್ಲರೂ ನೊಣ ಕೊಲ್ಲುತ್ತಾರೆ. ಇವಳೊಬ್ಬಳು ಅದೇ ನೊಣವನ್ನು ಸಾಕುವ ಕೆಲಸಕ್ಕಿದ್ದಳು. ಒಂದೆರಡು ವರ್ಷವಲ್ಲ, ಇಪ್ಪತ್ತಾರು ವರ್ಷ. ಹಾಗಾಗಿ ಗೋಧಿ ಸಂಶೋಧನಾ ಕೇಂದ್ರದ ಕಾವಲುಗಾರನಿಂದ ಹಿಡಿದು ದೊಡ್ಡ ಅಧಿಕಾರಿಯವರೆಗೆ ಎಲ್ಲರ ಬಾಯಲ್ಲೂ ಅವಳು ನೊಣದಮ್ಮ. ಅವಳ ಗಂಡ ಅದೇ ಕೇಂದ್ರದ ಬೀಜದ ಉಗ್ರಾಣ ನೋಡಿಕೊಳ್ಳುವವನು. ಅವನೂ ಮನೆಯಲ್ಲಿ ಸಿಟ್ಟು ಬಂದಾಗ ಹಾಗೇ ಕೂಗುತ್ತಿದ್ದ.

ನೊಣವೆಂದರೆ ಊಟದ ಮೇಲೆ ಬಂದು ಕೂರುವ ನೊಣವಲ್ಲ ಸ್ವಾಮಿ. ಇದು ಗೋಧಿಯ ನೊಣ. ಸೊಳ್ಳೆಗಿಂತ ಸಣ್ಣದು, ಬೂದಿ ಬಣ್ಣ, ಬದುಕುವುದು ಎರಡೋ ಮೂರೋ ದಿನ. ಅಷ್ಟರಲ್ಲಿ ಗೋಧಿ ಎಲೆಯ ಮೇಲೆ ಕೆಂಪು ಮೊಟ್ಟೆ ಇಟ್ಟು ಸತ್ತುಹೋಗುತ್ತದೆ. ಕೇಡೆಲ್ಲ ಮರಿಹುಳದ್ದು. ಅದು ಎಲೆಯ ಮೇಲಿಂದ ತೆವಳಿಕೊಂಡು ಬುಡಕ್ಕಿಳಿದು, ಕಾಂಡಕ್ಕೂ ಎಲೆಯ ತೊಟ್ಟಿಗೂ ನಡುವೆ ಸೇರಿಕೊಂಡು ರಸ ಹೀರುತ್ತದೆ. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಗಿಡ ಬೆಳೆಯುವುದನ್ನು ನಿಲ್ಲಿಸಿ ಕಡುಹಸಿರಾಗಿ ಕುಗ್ಗಿ ಕೂರುತ್ತದೆ, ಆಮೇಲೆ ಬೀಳುತ್ತದೆ. ಹುಳ ಮಾತ್ರ ಅಲ್ಲೇ ಅಗಸೆ ಬೀಜದ ಹಾಗೆ ಕಂದು ಗೂಡು ಕಟ್ಟಿಕೊಂಡು ಮುಂದಿನ ಬಿತ್ತನೆಯವರೆಗೆ ಹಾಯಾಗಿ ಮಲಗುತ್ತದೆ. ಕೊಯ್ಲಾದ ಮೇಲೂ ಹೊಲದ ಕೂಳೆಯಲ್ಲಿ ಅದು ಇದ್ದೇ ಇರುತ್ತದೆ.

ಕೆಲವು ಗೋಧಿಗೆ ಈ ಹುಳವನ್ನು ಸಾಯಿಸುವ ಗುಣ ಹುಟ್ಟಿನಿಂದಲೇ ಇರುತ್ತದೆ. ಅಂಥದನ್ನು ಹುಡುಕಿ, ಒಂದರ ಪರಾಗವನ್ನು ಇನ್ನೊಂದಕ್ಕೆ ಸೇರಿಸಿ, ನೊಣಕ್ಕೆ ಸೋಲದ ತಳಿ ಮಾಡುವುದು ಕೇಂದ್ರದ ಕೆಲಸ. ಆ ಕೆಲಸ ಮಾಡುತ್ತಿದ್ದವರನ್ನು ತಳಿ ಮೇಷ್ಟ್ರು ಅನ್ನುತ್ತಿದ್ದರು. ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಆದರೆ ತಪ್ಪು ಕಂಡರೆ ಕಿವಿ ಹಿಂಡುವ ಹಾಗೆ ಬೈಯುತ್ತಿದ್ದರು, ಅದಕ್ಕೇ ಆ ಹೆಸರು. ಮೇಷ್ಟ್ರು ಹೊಸ ಬೀಜ ಕೊಡುವುದು, ನೊಣದಮ್ಮ ಅದನ್ನು ಟ್ರೇಯಲ್ಲಿ ಬಿತ್ತಿ ಸಸಿಗಳ ಮೇಲೆ ನೊಣ ಬಿಡುವುದು, ಹದಿನೆಂಟು ದಿನ ಬಿಟ್ಟು ಇಬ್ಬರೂ ನಿಂತು ಯಾವುದು ಬಿತ್ತು, ಯಾವುದು ನಿಂತಿತು ಎಂದು ನೋಡುವುದು. ವರ್ಷಕ್ಕೆ ಎರಡು ಸಲ.

ಅವಳ ಕೋಣೆಗೆ ಕಿಟಕಿಯಿಲ್ಲ. ಎರಡು ಬಾಗಿಲು. ಮೊದಲನೆಯದನ್ನು ಹಾಕಿಕೊಂಡು, ತೋಳು ಸೆರಗು ಎಲ್ಲ ಬ್ರಷ್‌ನಿಂದ ಕೊಡವಿಕೊಂಡು, ಆಮೇಲೆ ಎರಡನೆಯದನ್ನು ತೆಗೆಯಬೇಕು. ಒಂದು ನೊಣ ಹೊರಗೆ ಹೋಗಬಾರದು, ಒಂದು ಒಳಗೆ ಬರಬಾರದು. ಒಳಗೆ ಟ್ಯೂಬ್‌ಲೈಟು, ಗೋಡೆಗೆ ಒದ್ದೆ ಗೋಣಿ, ಒಂದು ಹೀಟರ್, ಗೂಡುಗಳನ್ನು ತಣ್ಣಗೆ ಮಲಗಿಸಿಡಲು ಒಂದು ಹಳೆಯ ಫ್ರಿಜ್ಜು, ತೆಳುಬಟ್ಟೆ ಹೊದಿಸಿದ ಪಂಜರಗಳು. ಪಂಜರದ ಮೇಲೆ ಮೇಷ್ಟ್ರ ಕೈಬರಹದ ಚೀಟಿ: ತಗ್ಗಿನ ನೊಣ.

ಈ ಚೀಟಿಯ ವಿಷಯ ಹೇಳದೆ ಕಥೆ ಮುಂದೆ ಹೋಗುವುದಿಲ್ಲ. ನೊಣಗಳಲ್ಲೂ ಮನೆತನಗಳಿವೆ. ಕಣ್ಣಿಗೆ ಎಲ್ಲ ಒಂದೇ, ಆದರೆ ಗುಡ್ಡದ ಕಡೆಯ ನೊಣ ಸಾಧು, ನದಿಯ ಪಕ್ಕದ ತಗ್ಗಿನ ನೊಣ ಘಾಟಿ. ಹಿಂದೊಮ್ಮೆ ಕೇಂದ್ರದವರು ಒಂದು ಗಟ್ಟಿ ತಳಿ ಮಾಡಿ ಎಲ್ಲ ಕಡೆ ಹಂಚಿದ್ದರು. ಗುಡ್ಡದ ನೊಣ ಅದನ್ನು ಮುಟ್ಟಲಾರದೆ ಸತ್ತಿತು. ತಗ್ಗಿನ ನೊಣ ನಾಲ್ಕೇ ವರ್ಷದಲ್ಲಿ ಅದನ್ನು ತಿನ್ನಲು ಕಲಿತು, ಹೊಲಕ್ಕೆ ಹೊಲವನ್ನೇ ಮಲಗಿಸಿತು. ಅಂದಿನಿಂದ ಆ ತಳಿಗೆ ಸೋತ ಗೋಧಿ ಎಂದೇ ಹೆಸರು. ತಗ್ಗಿನ ಜನ ನೊಣದ ಕಾಲ ಮುಗಿಯಲಿ ಎಂದು ಬಿತ್ತನೆಯನ್ನು ತಡಮಾಡತೊಡಗಿದರು. ತಡವಾಗಿ ಬಿತ್ತಿದ ಗೋಧಿ ಅರ್ಧ ಕಾಳು ಕಟ್ಟುವಷ್ಟರಲ್ಲಿ ಬಿಸಿಲಿಗೆ ಒಣಗುತ್ತಿತ್ತು. ಮೇಷ್ಟ್ರು ತಾವೇ ತಗ್ಗಿಗೆ ಹೋಗಿ ಕೂಳೆ ಕಿತ್ತು ತಂದು ಆ ನೊಣದ ಸಂತಾನವನ್ನು ಬೆಳೆಸಿ ನೊಣದಮ್ಮನ ಕೈಗೆ ಕೊಟ್ಟರು. ಇದನ್ನು ಗೆಲ್ಲುವ ತಳಿ ಮಾಡಿಯೇ ಸಾಯುತ್ತೇನೆ ಎಂದರು.

ಜೊತೆಗೆ ಒಂದು ಕಟ್ಟುಪಾಡು ಮಾಡಿದರು. ಪ್ರತಿ ಟ್ರೇಯಲ್ಲಿ ಐದನೇ ಸಾಲು ಸೋತ ಗೋಧಿಗೆ ಮೀಸಲು. ಅದು ಬಿದ್ದರೆ ಪಂಜರದಲ್ಲಿರುವುದು ಅಸಲಿ ತಗ್ಗಿನ ನೊಣ, ಪರೀಕ್ಷೆ ಸರಿ. ಅದು ನಿಂತರೆ ನೊಣದಲ್ಲೇ ಏನೋ ಎಡವಟ್ಟು. ಉಳಿದ ಸಾಲು ಎಷ್ಟೇ ಚೆನ್ನಾಗಿರಲಿ, ಟ್ರೇ ತಿಪ್ಪೆಗೆ. ಸಸಿ ಮೊಳೆತ ವಾರವೂ, ಹದಿನೆಂಟನೇ ದಿನವೂ ಮೇಷ್ಟ್ರು ಬಂದವರೇ ಪೆನ್ಸಿಲ್ ತೆಗೆದು ಟ್ರೇಯ ಅಂಚಿನ ಮೇಲೆ, ಐದನೇ ಸಾಲಿನ ಎದುರಿಗೆ, ಟಕ್ ಟಕ್ ಎಂದು ಎರಡು ಸಲ ಬಡಿಯುತ್ತಿದ್ದರು. ಆಮೇಲೆಯೇ ಬೇರೆ ಸಾಲು.

ಮೇಷ್ಟ್ರು ತೀರಿಕೊಂಡು ಎರಡು ವರ್ಷವಾಗಿದೆ. ಪೆನ್ಸಿಲ್ ಬಡಿಯುವುದು ಮಾತ್ರ ನಿಂತಿಲ್ಲ.

ನಂಬುವವರು ನಂಬಿ, ಬಿಡುವವರು ಬಿಡಿ. ಬೆಳಿಗ್ಗೆ ಹತ್ತು ಗಂಟೆಗೆ ಅವಳು ಎರಡನೇ ಬಾಗಿಲು ಹಾಕಿಕೊಂಡು ಪಂಜರಗಳ ಕಡೆ ತಿರುಗುವಷ್ಟರಲ್ಲಿ ಬೆನ್ನ ಹಿಂದೆ ಟಕ್ ಟಕ್. ತಿರುಗಿದರೆ ಯಾರೂ ಇಲ್ಲ. ಒಮ್ಮೊಮ್ಮೆ ಅವರು ಗಂಟಲಿಗೆಂದು ಚೀಪುತ್ತಿದ್ದ ಪೆಪ್ಪರ್‌ಮಿಂಟಿನ ವಾಸನೆ. ಗಂಡನಿಗೆ ಹೇಳಿದರೆ ಅವನು ನಕ್ಕ.

"ಹೀಟರಿನ ತಗಡು ಬಿಸಿಯಾದ್ರೆ ಹಾಗೇ ಸದ್ದು ಮಾಡುತ್ತೆ ಕಣೇ. ದೆವ್ವಕ್ಕೆ ಬೇರೆ ಕೆಲಸ ಇಲ್ವಾ, ನಿನ್ನ ನೊಣ ಎಣಿಸೋಕೆ ಬರುತ್ತಾ?"

ಅವಳೂ ನಕ್ಕಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನಮ್ಮದೆಲ್ಲ. ಅವಳ ಹೆಗಲ ಮೇಲೆ ಬೂದಿ ಹನ್ನೊಂದು ವರ್ಷದಿಂದ ಇತ್ತು. ಅದು ಗಂಡನಿಗೆ ಗೊತ್ತಿರಲಿಲ್ಲ, ಯಾರಿಗೂ ಗೊತ್ತಿರಲಿಲ್ಲ ಎಂದೇ ಅವಳು ತಿಳಿದಿದ್ದಳು.

ನಡೆದದ್ದು ಇಷ್ಟು. ಹನ್ನೊಂದು ವರ್ಷದ ಹಿಂದೆ, ಬೇಸಿಗೆ. ಎರಡು ಪರೀಕ್ಷೆಗಳ ನಡುವಿನ ಬಿಡುವು. ಪಂಜರಗಳು ಖಾಲಿ, ತಗ್ಗಿನ ನೊಣದ ಅಷ್ಟೂ ಸಂತಾನ ಗೂಡುಗಳಾಗಿ ಫ್ರಿಜ್ಜಿನಲ್ಲಿ ಮಲಗಿತ್ತು. ಫ್ರಿಜ್ಜಿನೊಳಗೆ ಮಂಜುಗಡ್ಡೆ ಗಟ್ಟಿಯಾಗಿ ಬಾಗಿಲೇ ಕೂರುತ್ತಿರಲಿಲ್ಲ. ಗಡ್ಡೆ ಕರಗಲಿ ಎಂದು ಬೆಳಿಗ್ಗೆ ಸ್ವಿಚ್ ಆರಿಸಿದಳು. ಮಧ್ಯಾಹ್ನ ಒರೆಸಿ ಹಾಕಿದರಾಯಿತು ಅಂದುಕೊಂಡಳು. ಹನ್ನೊಂದೂವರೆಗೆ ಸುದ್ದಿ ಬಂತು. ಗುಡ್ಡದ ಕಡೆ ಅಕ್ಕನ ಮನೆಯಲ್ಲಿದ್ದ ಅವಳ ಅಮ್ಮ ಹೋಗಿಬಿಟ್ಟಿದ್ದಳು. ಉಟ್ಟ ಸೀರೆಯಲ್ಲೇ ಓಡಿದಳು. ಗಂಡನೂ ಜೊತೆಗೆ ಹೋದ. ಮೇಷ್ಟ್ರು ಯಾವುದೋ ಸಭೆಗೆಂದು ದೂರ ಹೋಗಿದ್ದರು. ಸ್ವಿಚ್ಚಿನ ನೆನಪು ಯಾರಿಗೂ ಇರಲಿಲ್ಲ, ಅವಳಿಗಂತೂ ಇರುವುದಾದರೂ ಹೇಗೆ?

ಆರನೇ ದಿನ ಬಂದು ಫ್ರಿಜ್ಜಿನ ಬಾಗಿಲು ತೆಗೆದಳು. ಸೆಕೆಗೆ ಗೂಡುಗಳೆಲ್ಲ ಒಟ್ಟಿಗೆ ಒಡೆದಿದ್ದವು. ಕತ್ತಲಲ್ಲಿ ಹುಟ್ಟಿ, ಮೊಟ್ಟೆಯಿಡಲು ಒಂದು ಹಸಿರೆಲೆ ಸಿಗದೆ, ಅಷ್ಟೂ ಸತ್ತಿದ್ದವು. ಪ್ರತಿ ತಟ್ಟೆಯ ಮೇಲೂ ಬೆರಳು ದಪ್ಪದ ಬೂದಿ. ಅಂಗೈಗೆ ತೆಗೆದುಕೊಂಡರೆ ತೂಕವೇ ಇಲ್ಲ. ಬಾಗಿಲು ತೆಗೆದ ಗಾಳಿಗೆ ಅವು ಎದ್ದು ಅವಳ ಮೊಣಕೈಗೆ, ಕತ್ತಿಗೆ, ತುಟಿಗೆ ಅಂಟಿದವು. ಅಮ್ಮನನ್ನು ಕಳಿಸಿ ಬಂದ ಕೈ ಅದು. ಅತ್ತು ಅತ್ತು ಕಣ್ಣೀರು ಬತ್ತಿದ್ದವಳು ಮತ್ತೆ ಅಳತೊಡಗಿದಳು. ಈಗಲೂ ಫ್ರಿಜ್ಜಿನ ಬಾಗಿಲು ತೆಗೆಯುವಾಗ ಅವಳು ಉಸಿರು ಬಿಗಿಹಿಡಿಯುತ್ತಾಳೆ, ತುಟಿ ಒಳಗೆ ಎಳೆದುಕೊಳ್ಳುತ್ತಾಳೆ.

ಎರಡು ದಿನ ಬಿಟ್ಟು ಮೇಷ್ಟ್ರು ಬಂದರು. ಬ್ಯಾಗನ್ನೂ ಕೆಳಗಿಡದೆ ಬಾಗಿಲ ಹತ್ತಿರ ನಿಂತು ಕೇಳಿದರು.

"ಅಮ್ಮನ ವಿಷಯ ಗೊತ್ತಾಯ್ತು. ಧೈರ್ಯ ತಂದ್ಕೋ. ಮಕ್ಕಳೆಲ್ಲ ಆರಾಮಾ?"

ಮಕ್ಕಳೆಂದರೆ ನೊಣಗಳು. ಯಾವಾಗಲೂ ಅವರು ಕೇಳುತ್ತಿದ್ದುದೇ ಹಾಗೆ.

"ಆರಾಮ್ ಸಾರ್," ಅಂದುಬಿಟ್ಟಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಒಂದು ಗಳಿಗೆಯಲ್ಲಿ ಹೇಳಿದ್ದರೆ ಮೇಷ್ಟ್ರು ಕೂಗಾಡುತ್ತಿದ್ದರು, ಎರಡು ದಿನ ಮಾತು ಬಿಡುತ್ತಿದ್ದರು, ಆಮೇಲೆ ತಗ್ಗಿಗೆ ಹೋಗಿ ಇನ್ನಷ್ಟು ಕೂಳೆ ತರುತ್ತಿದ್ದರು. ಅಷ್ಟೇ. ಅವಳಿಗೂ ಅದು ಗೊತ್ತಿತ್ತು. ಆದರೆ ಸಾವಿನ ಮನೆಯಿಂದ ಬಂದವಳಿಗೆ ಇನ್ನೊಂದು ಬೈಗುಳ ತಡೆಯುವ ತ್ರಾಣ ಇರಲಿಲ್ಲ.

ತಗ್ಗಿಗೆ ಹೋದರೆ ಯಾಕೆ ಎಂದು ಕೇಳುವವರಿದ್ದರು. ಆ ಭಾನುವಾರ ಮತ್ತೆ ಅಕ್ಕನ ಮನೆಗೆ ಹೋದಳು. ಹಿತ್ತಿಲ ಹಿಂದಿನ ಹೊಲದಲ್ಲಿ ಕೂತು ಚೀಲದ ತುಂಬ ಕೂಳೆ ಕಿತ್ತಳು.

"ಏನಮ್ಮಾ, ನನ್ನ ಹೊಲ ಗುಡಿಸೋಕೆ ಅಷ್ಟು ದೂರದಿಂದ ಬಂದ್ಯಾ?" ಎಂದು ಭಾವ ತಮಾಷೆ ಮಾಡಿದ.

ಗುಡ್ಡದ ನೊಣ ತಗ್ಗಿನ ಚೀಟಿಯಿದ್ದ ಪಂಜರ ಸೇರಿತು. ನೋಡಲು ಒಂದೇ ಥರ. ಮುಂದಿನ ಪರೀಕ್ಷೆಗೆ ಒಂದೂವರೆ ತಿಂಗಳು ಮೊದಲೇ ಅವಳು ಕದ್ದು ಒಂದು ಕುಂಡದಲ್ಲಿ ಸೋತ ಗೋಧಿ ಹಾಕಿ ನೋಡಿದಳು. ಅದು ಬೀಳಲಿಲ್ಲ. ಬೀಳುವುದಾದರೂ ಹೇಗೆ, ಗುಡ್ಡದ ನೊಣಕ್ಕೆ ಅದು ಸೋತದ್ದೇ ಅಲ್ಲ! ಐದನೇ ಸಾಲು ನಿಂತರೆ ಗುಟ್ಟು ಬಯಲು. ಆಗ ಅವಳು ಮಾಡಿದ್ದನ್ನು ತಪ್ಪು ಅನ್ನುವ ಹಾಗಿಲ್ಲ, ಅದಕ್ಕೆ ಮೋಸ ಎಂದೇ ಹೆಸರು. ಮೇಷ್ಟ್ರು ಕೊಟ್ಟ ಸೋತ ಗೋಧಿಯ ಪೊಟ್ಟಣವನ್ನು ಒಡೆಯದೆ ಪೆಟ್ಟಿಗೆಯಲ್ಲಿಟ್ಟು, ಐದನೇ ಸಾಲಿನಲ್ಲಿ ತನ್ನ ಅಡುಗೆಮನೆಯ ಡಬ್ಬಿಯ ಗೋಧಿ ಹಾಕಿದಳು. ಅದನ್ನು ಯಾವ ನೊಣ ಬೇಕಾದರೂ ತಿನ್ನುತ್ತದೆ. ಸಾಲು ಬಿತ್ತು. ಮೇಷ್ಟ್ರು ಪೆನ್ಸಿಲ್ ಬಡಿದು ಮುಂದೆ ಹೋದರು.

ಮುಂದಿನ ವರ್ಷ ತಗ್ಗಿಗೆ ಹೋಗಿ ಅಸಲಿ ನೊಣ ತಂದು ಸದ್ದಿಲ್ಲದೆ ಬದಲಾಯಿಸಿದರಾಯಿತು ಎಂದುಕೊಂಡಳು. ಮುಂದಿನ ವರ್ಷ ಬಂತು. ಅಷ್ಟರಲ್ಲಿ ಆ ಸುಳ್ಳು ನೊಣದ ಮೇಲೆ ಗೆದ್ದ ಸಸಿಗಳನ್ನು ಮೇಷ್ಟ್ರು ಆರಿಸಿ, ಅವನ್ನು ಒಂದಕ್ಕೊಂದು ಕೂಡಿಸಿ, ಅವುಗಳ ಮಕ್ಕಳನ್ನು ಸಾಲಾಗಿ ನಿಲ್ಲಿಸಿದ್ದರು. ಈಗ ಅಸಲಿ ನೊಣ ಬಿಟ್ಟರೆ ಅಷ್ಟೂ ಬೀಳುತ್ತದೆ, ಯಾಕೆ ಎಂಬ ಪ್ರಶ್ನೆ ಏಳುತ್ತದೆ. ಅದರ ಮುಂದಿನ ವರ್ಷ ಇನ್ನೂ ಕಷ್ಟವಾಯಿತು. ಬಿಸಿ ತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ. ವರ್ಷಕ್ಕೆ ಎರಡು ಪೊಟ್ಟಣ ಪೆಟ್ಟಿಗೆ ಸೇರುತ್ತಲೇ ಹೋಯಿತು.

ಮೇಷ್ಟ್ರು ಆಸ್ಪತ್ರೆಯಲ್ಲಿ ಕೊನೆಯ ದಿನ ಎಣಿಸುತ್ತಿದ್ದಾಗ ನೋಡಲು ಹೋಗಿದ್ದಳು. ಮೂಗಿಗೆ ನಳಿಕೆ. ಅವಳ ಕೈ ಹಿಡಿದುಕೊಂಡು, "ನಿನ್ನ ನೊಣ ಇಲ್ದಿದ್ರೆ ಈ ತಳಿ ಇಲ್ಲ ಕಣಮ್ಮಾ," ಅಂದರು. ಹೊಸ ತಳಿ ಆಗ ಬಹುತೇಕ ಸಿದ್ಧವಾಗಿತ್ತು. ಅವಳು ಬಾಯಿ ತೆರೆದಳು. ನರ್ಸ್ ಬಂದು ಹೊತ್ತಾಯ್ತು ಅಂದಳು. ನರ್ಸ್ ಬಾರದಿದ್ದರೆ ಹೇಳುತ್ತಿದ್ದಳಾ? ಅವಳೇ ಹೇಳುವ ಹಾಗೆ, ಅದು ಅವಳಿಗೂ ಗೊತ್ತಿಲ್ಲ. ನನ್ನನ್ನು ಕೇಳಿದರೆ, ಹೇಳುತ್ತಿರಲಿಲ್ಲ.

ಅವರ ನಂತರ ಅವರ ಶಿಷ್ಯೆ ಬಂದಳು. ಎಲ್ಲರಿಗೂ ಮೇಡಂ. ಮೂವತ್ತೈದರ ಹೆಂಗಸು, ಕೆಲಸದಲ್ಲಿ ಚುರುಕು, ಮೇಷ್ಟ್ರನ್ನು ಕಂಡರೆ ದೇವರು. ಅವರ ತಳಿಯನ್ನು ಮುಗಿಸಿ, ಬೀಜ ಬೆಳೆಸಿ, ಉಗ್ರಾಣ ತುಂಬಿಸಿದಳು. ಹೊಲದ ಪರೀಕ್ಷೆಯೂ ಆಗಿತ್ತು. ಆದರೆ ಅದು ಇಳುವರಿಗಾಗಿ ಮಾಡಿದ್ದು. ತಗ್ಗಿನಲ್ಲಿ ಎಲ್ಲರೂ ತಡವಾಗಿ ಬಿತ್ತುವಾಗಲೇ ಅದನ್ನೂ ಬಿತ್ತಿದ್ದರಿಂದ ನೊಣ ಅದರ ಹತ್ತಿರ ಸುಳಿದೇ ಇರಲಿಲ್ಲ. ಬೇಸಿಗೆಯ ಕೊನೆಗೆ ಒಂದು ದಿನ ಮೇಡಂ ಕೋಣೆಗೆ ಬಂದು ಸಂತೋಷದಿಂದ ಹೇಳಿದಳು.

"ನೊಣದಮ್ಮಾ, ಎರಡು ತಿಂಗಳಿಗೆ ತಗ್ಗಿನ ಊರುಗಳಿಗೆ ಬೀಜ ಹೋಗುತ್ತೆ. ಇನ್ನು ನೊಣಕ್ಕೆ ಹೆದರಿ ತಡ ಮಾಡೋದು ಬೇಡ, ಮುಂಚೇನೇ ಬಿತ್ತಿ ಅಂತ ಎಲ್ಲರಿಗೂ ಹೇಳಿ ಆಗಿದೆ. ಮೇಷ್ಟ್ರು ಇರಬೇಕಿತ್ತು."

ನೊಣದಮ್ಮನ ಬೆನ್ನ ಹಿಂದೆ ಟಕ್ ಟಕ್ ಎಂದಿತು. ಮೇಡಂಗೆ ಕೇಳಿಸಲಿಲ್ಲ. ನೊಣದಮ್ಮ ಸ್ಟೂಲಿನ ಮೇಲೆ ಕೂತುಬಿಟ್ಟಳು. ಇಷ್ಟು ವರ್ಷ ಅದು ಟ್ರೇಯೊಳಗಿನ ಸುಳ್ಳಾಗಿತ್ತು. ಇನ್ನು ಅದು ಹೊಲಕ್ಕೆ ಹೊರಟಿತ್ತು. ಮುಂಚೆ ಬಿತ್ತಿದವರ ಹೊಲಗಳೆಲ್ಲ ತಗ್ಗಿನ ನೊಣದ ಬಾಯಿಗೆ.

ಆದರೂ ಮನಸ್ಸಿನ ಒಂದು ಮೂಲೆಯಲ್ಲಿ ಆಸೆ. ಹೊಸ ತಳಿ ಅಸಲಿ ನೊಣವನ್ನೂ ತಡೆದೀತೇನೋ, ಯಾರಿಗೆ ಗೊತ್ತು? ನೋಡಿಯೇ ಬಿಡಬೇಕು. ಅಕ್ಕನ ಮನೆಗೆ ಎಂದು ಗಂಡನಿಗೆ ಹೇಳಿ, ರಜೆ ಹಾಕಿ, ತಗ್ಗಿನ ಬಸ್ಸು ಹತ್ತಿದಳು.

ನದಿಯ ಪಕ್ಕದ ಹೊಲವೊಂದರಲ್ಲಿ ಕೂತು ಕೂಳೆ ಕೀಳುತ್ತಿದ್ದಾಗ ಹೊಲದ ಒಡತಿ ಬಂದಳು. ಮುದುಕಿ, ತಲೆಗೆ ಬಟ್ಟೆ ಸುತ್ತಿಕೊಂಡಿದ್ದಳು.

"ಕೇಂದ್ರದವಳಾ ತಂಗಿ? ಕಿತ್ಕೋ, ಕಿತ್ಕೋ, ಕಸ ತಾನೇ. ಹೊಸ ಬೀಜ ಬರೋದು ನಿಜಾನಾ?"

"ನಿಜ ಅಜ್ಜಿ."

"ಈ ಸಲ ಹದಿನೈದು ದಿನ ಮುಂಚೆ ಬಿತ್ತೋಣ ಅಂತ ಇಡೀ ಊರು ಮಾತಾಡ್ಕೊಂಡಿದೆ. ನನ್ನ ಕಾಲದಲ್ಲಿ ಒಂದು ಸಲವಾದ್ರೂ ತುಂಬಿದ ತೆನೆ ನೋಡಿ ಸಾಯ್ತೀನಿ. ಬಿಸಿಲಲ್ಲಿ ಕೂತಿದ್ದೀಯ, ನೀರು ಕುಡಿ ಬಾ."

ಚೊಂಬನ್ನು ನೊಣದಮ್ಮ ಎರಡೂ ಕೈಯಲ್ಲಿ ತೆಗೆದುಕೊಂಡಳು. ಕುಡಿದಂತೆ ಮಾಡಿ ಪಕ್ಕಕ್ಕೆ ಚೆಲ್ಲಿದಳು.

ಕೋಣೆಯ ಮೂಲೆಯಲ್ಲಿ ಒಂದು ತುಕ್ಕು ಹಿಡಿದ ಪಂಜರಕ್ಕೆ ಎರಡು ಪದರ ಬಟ್ಟೆ ಹೊಲಿದು ತಗ್ಗಿನ ನೊಣವನ್ನು ಅದರೊಳಗೆ ಬೇರೆಯಾಗಿ ಇಟ್ಟಳು. ಒಂದು ಟ್ರೇಯಲ್ಲಿ ಮೂರೇ ಸಾಲು ಬಿತ್ತಿದಳು: ಡಬ್ಬಿಯ ಗೋಧಿ, ಪೆಟ್ಟಿಗೆಯ ಪೊಟ್ಟಣದಿಂದ ತೆಗೆದ ಅಸಲಿ ಸೋತ ಗೋಧಿ, ಹೊಸ ತಳಿ. ಸಸಿ ಎರಡೆಲೆ ಬಿಟ್ಟಾಗ ನೊಣ ಬಿಟ್ಟಳು. ಹದಿನೆಂಟು ದಿನ ಅವಳು ಸರಿಯಾಗಿ ಊಟ ಮಾಡಲಿಲ್ಲ. ಮೊಣಕೈಯ ಒಳಮಡಿಕೆಯಲ್ಲಿ ಏನೋ ಹರಿದಾಡಿದಂತಾಗಿ ಕೈ ತೊಳೆದಳು, ಮತ್ತೆ ತೊಳೆದಳು. ದಿನವೂ ಹತ್ತು ಗಂಟೆಗೆ ಟಕ್ ಟಕ್.

"ಕೇಳಿಸ್ತು ಸಾರ್, ಕೇಳಿಸ್ತು. ಸ್ವಲ್ಪ ತಡೀರಿ," ಎಂದು ಒಂದು ದಿನ ಜೋರಾಗಿಯೇ ಹೇಳಿದಳು.

ಹದಿನೆಂಟನೇ ದಿನ ಮೂರೂ ಸಾಲು ಕುಗ್ಗಿ ಕೂತಿದ್ದವು. ಹೊಸ ತಳಿಯ ಒಂದು ಗಿಡ ಕಿತ್ತು, ಎಲೆಯ ತೊಟ್ಟು ಬಿಡಿಸಿದಳು. ಗೆದ್ದ ಗಿಡವಾದರೆ ಅಲ್ಲಿ ಸತ್ತ ಮರಿಯ ಕೆಂಪು ಚುಕ್ಕೆ ಇರಬೇಕು. ಇದ್ದದ್ದು ಬೆಳ್ಳಗೆ ಕೊಬ್ಬಿದ ಜೀವಂತ ಹುಳ, ಮೂರು. ಇನ್ನೊಂದು ಗಿಡ ಕಿತ್ತಳು. ನಾಲ್ಕು. ಹೊಸ ತಳಿ ಎಂದರೆ ಸೋತ ಗೋಧಿಯ ಮೊಮ್ಮಗಳೇ ಆಗಿತ್ತು, ಗುಡ್ಡದ ನೊಣದ ಮುಂದೆ ಅದು ನಿಂತದ್ದು ಅದೇ ಹಳೆಯ ಗುಣದಿಂದ. ಹೊಸ ಬಾಗಿಲಿಗೆ ಹಳೆಯ ಬೀಗ, ತಗ್ಗಿನ ನೊಣದ ಹತ್ತಿರ ಅದರ ಕೀಲಿ ಮೊದಲೇ ಇತ್ತು.

ಲಾರಿಗಳು ಬರಲು ಇನ್ನು ಹನ್ನೆರಡು ದಿನ. ಉಗ್ರಾಣಕ್ಕೆ ಹೋದಳು. ಗಂಡ ಚೀಲಗಳ ಬಾಯಿ ಹೊಲಿಯುತ್ತಿದ್ದ. ಛಾವಣಿಯವರೆಗೆ ಚೀಲ. ಅಲ್ಲೇ ನಿಂತು ಎಲ್ಲ ಹೇಳಿದಳು, ಒಂದನ್ನೂ ಬಿಡದೆ. ಅವನ ಕೈಯಲ್ಲಿದ್ದ ದಬ್ಬಣ ಹಾಗೇ ನಿಂತಿತು.

"ನಿನಗೆ ತಲೆ ಕೆಟ್ಟಿದೆ. ಬಾಯಿ ಮುಚ್ಕೊಂಡು ಮನೆಗೆ ಹೋಗು."

"ರೀ, ಆ ಮುದುಕಿ..."

"ಯಾವ ಮುದುಕಿ? ನೊಣ ಒಂದು ವರ್ಷ ಬರುತ್ತೆ, ಒಂದು ವರ್ಷ ಬರಲ್ಲ. ಈ ವರ್ಷ ಬರದೇ ಇದ್ರೆ? ಮೇಷ್ಟ್ರು ಹೋಗಾಯ್ತು, ಹೆಸರು ಒಂದು ಉಳಿದಿದೆ. ಅದಕ್ಕೂ ಮಸಿ ಬಳೀತೀಯಾ? ನಿನಗೆ ಇನ್ನು ನಾಲ್ಕು ವರ್ಷ ಕೆಲಸ ಇದೆ. ಯಾಕೆ ಸುಮ್ನೆ ತಲೆ ಮೇಲೆ ಚಪ್ಪಡಿ ಎಳ್ಕೊಳ್ತೀಯಾ?"

"ಬಂದ್ರೆ?"

ಅವನು ಕೆಟ್ಟವನಲ್ಲ, ಹೆದರಿದ್ದ ಅಷ್ಟೇ. ದಬ್ಬಣವನ್ನು ಚೀಲಕ್ಕೆ ಚುಚ್ಚಿ ನಿಲ್ಲಿಸಿ, "ಟ್ರೇ ಭಾರ ಇದೆಯಾ? ನಾನು ಹಿಡ್ಕೊಳ್ತೀನಿ," ಅಂದ.

ಮೇಡಂನ ಮೇಜಿನ ಮೇಲೆ ಟ್ರೇ ಇಟ್ಟು ನೊಣದಮ್ಮ ಎರಡನೇ ಸಲ ಎಲ್ಲ ಹೇಳಿದಳು. ಗಂಡ ಬಾಗಿಲ ಹೊರಗೆ ನಿಂತಿದ್ದ. ಮೇಡಂ ಹೊಸ ತಳಿಯ ಗಿಡಗಳನ್ನು ಒಂದೊಂದಾಗಿ ಕಿತ್ತು, ತೊಟ್ಟು ಬಿಡಿಸಿ, ಮಸೂರದಲ್ಲಿ ನೋಡತೊಡಗಿದಳು. ಇಪ್ಪತ್ತು ಗಿಡ. ಇಪ್ಪತ್ತರಲ್ಲೂ ಬಿಳಿ ಹುಳ. ಮುಖ ಸುಟ್ಟ ಕಾಗದದಂತಾಗಿತ್ತು.

"ಇಷ್ಟು ವರ್ಷ ಅವರ ಮುಖ ನೋಡ್ತಾ ಹೇಗೆ ಇದ್ರಿ ನೀವು?" ಅಂದಳು. "ಅವರು ಎಷ್ಟು ನಂಬಿದ್ರು ನಿಮ್ಮನ್ನ! ಗೊತ್ತಿದ್ದಿದ್ರೆ ಅವತ್ತೇ ಎದೆ ಒಡೆದು ಸಾಯ್ತಿದ್ರು."

ನೊಣದಮ್ಮ ತಲೆ ತಗ್ಗಿಸಿಕೊಂಡು ನಿಂತಳು. ಆ ಮಾತು ಅವಳಿಗೆ ಬೇಕಿತ್ತು. ಹನ್ನೊಂದು ವರ್ಷದಿಂದ ಯಾರಾದರೂ ಅನ್ನಲಿ ಎಂದು ಕಾದಿದ್ದಳು.

"ಯಾವ ಪರೀಕ್ಷೆಯಿಂದ ಬದಲಾಯಿಸಿದ್ದು? ತಾರೀಕು ಬೇಕು ನನಗೆ," ಎಂದು ಮೇಡಂ ಎದ್ದು ಬೀರು ತೆಗೆದಳು. ಮೇಷ್ಟ್ರ ಡೈರಿಗಳು ಅಲ್ಲಿದ್ದವು. ಹನ್ನೊಂದು ವರ್ಷದ ಹಿಂದಿನದನ್ನು ಹುಡುಕಿ ಪುಟ ತಿರುವಿದಳು. ಒಂದು ಕಡೆ ಬೆರಳು ನಿಂತಿತು. ಇನ್ನೊಂದು ಡೈರಿ ತೆಗೆದಳು. ಮತ್ತೊಂದು. ನೆಲದ ಮೇಲೆ ಕೂತು ಒಂಬತ್ತೂ ಡೈರಿ ತೆರೆದಳು. ಸಿಟ್ಟಿನ ಮುಖ ಹೋಗಿ ಅವಳಿಗೆ ಬೇರೆಯೇ ಮುಖ ಬಂದಿತ್ತು.

"ನೊಣದಮ್ಮಾ, ಸೋತ ಗೋಧಿಯ ಸಸಿಗೆ ಮೊದಲ ವಾರ ಬುಡ ನೇರಳೆ ಇರುತ್ತೆ ಅಂತ ನಿಮಗೆ ಗೊತ್ತಾ?"

ಗೊತ್ತಿರಲಿಲ್ಲ. ಟ್ಯೂಬ್‌ಲೈಟಿನಲ್ಲಿ ಆ ಬಣ್ಣ ಅಷ್ಟಾಗಿ ಕಾಣದು. ಅದೂ ಅಲ್ಲದೆ ನೊಣ ನೋಡುವ ಕಣ್ಣು ಅವಳದು, ಗೋಧಿ ನೋಡುವ ಕಣ್ಣು ಮೇಷ್ಟ್ರದು.

ಮೇಡಂ ಮೊದಲ ಡೈರಿಯನ್ನು ಅವಳ ಕಡೆ ತಿರುಗಿಸಿದಳು. ಪೆನ್ಸಿಲಿನ ಅಕ್ಷರ, ಸಣ್ಣದು, ಪುಟದ ಅಂಚಿನಲ್ಲಿ.

"ಐದನೇ ಸಾಲು. ಬುಡ ಹಸಿರು. ಸೋತ ಗೋಧಿ ಅಲ್ಲ. ಕೇಳಬೇಕು."

ಆರು ತಿಂಗಳ ನಂತರದ ಪುಟ: "ಐದನೇ ಸಾಲು ಮತ್ತೆ ಹಸಿರು. ಕೇಳಬೇಕು."

ಮುಂದಿನ ವರ್ಷ: "ಸಸಿಗಳು ಚೆನ್ನಾಗಿ ನಿಂತಿವೆ. ಕೇಳಬೇಕು." ಆಮೇಲೆ ಬರೀ ಆ ಒಂದು ಪದ, ಪರೀಕ್ಷೆಯಿಂದ ಪರೀಕ್ಷೆಗೆ, ಮೊದಲಿನವೂ ಸೇರಿ ಹದಿನೇಳು ಸಲ. ಹದಿನೆಂಟನೆಯ ಪರೀಕ್ಷೆ ಅವರು ಆಸ್ಪತ್ರೆ ಸೇರುವ ಮೂರು ವಾರ ಮೊದಲಿನದು. ಅಲ್ಲಿ ಬರೆದಿತ್ತು: "ಕೇಳಲಿಲ್ಲ."

ಕೋಣೆಯಲ್ಲಿ ಮೂವರಿದ್ದರು, ಗಂಡನೂ ಒಳಗೆ ಬಂದಿದ್ದ. ಮೇಡಂ ನೆಲದ ಮೇಲೆಯೇ ಕೂತು ಅಳುತ್ತಿದ್ದಳು, ದೇವರನ್ನು ಕಳೆದುಕೊಂಡವಳು ಬೇರೆ ಹೇಗಿರುತ್ತಾಳೆ? ನೊಣದಮ್ಮನಿಗೆ ಅಳು ಬರಲಿಲ್ಲ. ಅವಳು ನೇರ ತನ್ನ ಕೋಣೆಗೆ ನಡೆದಳು. ಬಾಗಿಲು ಹಾಕಿಕೊಳ್ಳುವುದನ್ನೂ ಮರೆತು, ತೋಳು ಕೊಡವಿಕೊಳ್ಳುವುದನ್ನೂ ಮರೆತು, ಪಂಜರಗಳ ಮುಂದೆ ನಿಂತು ಕೂಗಿದಳು. ಬೆನ್ನ ಹಿಂದೆಯೇ ಓಡಿ ಬಂದ ಗಂಡನಿಗೆ ಅಂಗಳದಿಂದಲೇ ಕೇಳಿಸಿತು.

"ಗೊತ್ತಿತ್ತಾ ನಿಮಗೆ? ಗೊತ್ತಿದ್ದೂ ಗೊತ್ತಿದ್ದೂ ಪೆನ್ಸಿಲ್ ಬಡಿದ್ರಾ? ಒಂದೇ ಒಂದು ಸಲ ಕೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ಸಾರ್? ಇದೇನು ಬೀಜ ನೊಣದಮ್ಮಾ ಅಂತ ಅಂದಿದ್ರೆ ಸಾಕಿತ್ತು. ಅಲ್ಲೇ ಕಾಲಿಗೆ ಬಿದ್ದು ಹೇಳಿಬಿಡ್ತಿದ್ದೆ. ನಿಮಗೂ ಗೆಲ್ಲಬೇಕಿತ್ತು ಅಲ್ವಾ? ನಿಮಗೂ ಬೇಕಿತ್ತು!"

ಮುಂದಿನದು ಬೇಗ ಹೇಳಿಬಿಡುತ್ತೇನೆ. ಉಗ್ರಾಣದ ಬೀಜ ಹೊಲಕ್ಕೆ ಹೋಗಲಿಲ್ಲ, ಹಿಟ್ಟಿನ ಗಿರಣಿಗೆ ಹೋಯಿತು. ಈ ಸಲವೂ ತಡವಾಗಿಯೇ ಬಿತ್ತಿ ಎಂದು ತಗ್ಗಿನ ಊರೂರಿಗೆ ಹೋಗಿ ಹೇಳಿದ್ದು ಮೇಡಂ, ಬೈಸಿಕೊಂಡದ್ದೂ ಅವಳೇ. ನೊಣದಮ್ಮ ಜೊತೆಗೆ ಹೋಗಿದ್ದಳು. ನೀರು ಕೊಟ್ಟಿದ್ದ ಮುದುಕಿ ಬೈಯಲಿಲ್ಲ. ಹಾಗಾದರೆ ಹೊಸ ಬೀಜ ಇನ್ನೆಷ್ಟು ವರ್ಷಕ್ಕೆ ಎಂದು ಕೇಳಿದಳು. ಎಂಟೋ ಹತ್ತೋ ಎಂದಾಗ, ಓಹೋ ಎಂದು ತಲೆಯ ಬಟ್ಟೆ ಬಿಚ್ಚಿ ಮತ್ತೆ ಕಟ್ಟಿಕೊಂಡು ಎಮ್ಮೆಗೆ ಮೇವು ಹಾಕಲು ಹೋದಳು. ಅವಳು ಬೈದಿದ್ದರೇ ಚೆನ್ನಾಗಿತ್ತು.

ತಾನು ಕೆಲಸ ಬಿಡುತ್ತೇನೆ ಎಂದು ನೊಣದಮ್ಮ ಕಾಗದ ಬರೆದುಕೊಂಡು ಹೋದಳು. ಮೇಡಂ ಅದನ್ನು ಓದದೆ ವಾಪಸ್ ಕೊಟ್ಟಳು. "ತಗ್ಗಿನ ನೊಣ ಸಾಕೋಕೆ ನಿಮ್ಮನ್ನ ಬಿಟ್ರೆ ಯಾರಿಗೆ ಬರುತ್ತೆ? ಇರಿ. ಇದ್ದು ನೋಡಿ," ಅಂದಳು. ಅದು ಕ್ಷಮೆಯೋ ಶಿಕ್ಷೆಯೋ ನೊಣದಮ್ಮ ಕೇಳಲಿಲ್ಲ. ಈಗ ಐದನೇ ಸಾಲಿನ ಬೀಜವನ್ನು ಮೇಡಂ ತಾನೇ ತಂದು ತನ್ನ ಕೈಯಾರೆ ಬಿತ್ತುತ್ತಾಳೆ. ನೇರಳೆ ಬುಡವನ್ನು ಟಾರ್ಚ್ ಹಾಕಿ ನೋಡುತ್ತಾಳೆ. ನೊಣದಮ್ಮ ಪಕ್ಕದಲ್ಲಿ ನಿಂತಿರುತ್ತಾಳೆ.

ಒಂದು ಮಾತ್ರ ನಿಂತುಹೋಗಿದೆ. ಅವಳು ಕೂಗಿದ ದಿನದಿಂದ ಕೋಣೆಯಲ್ಲಿ ಸದ್ದಿಲ್ಲ. ಹೀಟರ್ ಅದೇ, ತಗಡೂ ಅದೇ. ಪೆಪ್ಪರ್‌ಮಿಂಟಿನ ವಾಸನೆಯೂ ಇಲ್ಲವಾಗಿದೆ. ಹತ್ತು ಗಂಟೆಗೆ ಅವಳು ಕೆಲಸ ನಿಲ್ಲಿಸಿ, ಟ್ರೇಗೆ ಬೆನ್ನು ಕೊಟ್ಟು ನಿಲ್ಲುತ್ತಾಳೆ, ಅವರಿಗೆ ಅನುಕೂಲವಾಗಲಿ ಎಂದು. ಅವಳಿಗೆ ಅವರನ್ನು ಕೇಳುವುದಿದೆ. ಹತ್ತೂಕಾಲಾಗುತ್ತದೆ, ಹತ್ತೂವರೆಯಾಗುತ್ತದೆ. ಅವರು ಬರುವುದಿಲ್ಲ.